ಅರ್ಧ ನೇರಳೆ, ಅರ್ಧ ಗುಲಾಬಿ: ಗ್ರಾಮ್ ಬಣ್ಣ ಎಲ್ಲಿ ಕೈಕೊಡುತ್ತದೆ?

ಪ್ರಶ್ನೆ: ಸೂಕ್ಷ್ಮಜೀವಶಾಸ್ತ್ರ ಕಲಿಯಲು ಈಗಷ್ಟೇ ಶುರು ಮಾಡಿದ್ದೇನೆ. ಬ್ಯಾಸಿಲಸ್ ಸಬ್ಟಿಲಿಸ್ ಮತ್ತು ಇ. ಕೊಲೈ ಎರಡಕ್ಕೂ ಗ್ರಾಮ್ ಬಣ್ಣ ಹಾಕಿದೆ. ಬ್ಯಾಸಿಲಸ್ ಪೂರ್ತಿ ನೇರಳೆ ಬರಬೇಕಿತ್ತು. ಆದರೆ ಸುಮಾರು ಅರ್ಧ ಕಡ್ಡಿಗಳು ಗುಲಾಬಿ, ಒಂದೇ ಸರಪಳಿಯಲ್ಲೂ ಎರಡು ಬಣ್ಣ. ಇ. ಕೊಲೈ ಗುಲಾಬಿ ಬರಬೇಕಿತ್ತು. ಸ್ಲೈಡಿನ ನಡುಭಾಗದಲ್ಲಿ ನೇರಳೆ ಗುಡ್ಡೆಗಳಿವೆ. ಪ್ಲೇಟುಗಳನ್ನು ಶುಕ್ರವಾರ ಮಧ್ಯಾಹ್ನ 37 ಡಿಗ್ರಿಯ ಇನ್‌ಕ್ಯುಬೇಟರಿಗೆ ಇಟ್ಟು ಸೋಮವಾರ ಬೆಳಿಗ್ಗೆ ತೆಗೆದೆ. ಇನ್ನೊಂದು ಸಂಶಯ: ಆಲ್ಕೋಹಾಲ್ ಒಂದರಲ್ಲಿ ಬಣ್ಣವನ್ನು ಒಳಗೇ ಉಳಿಸುತ್ತದೆ, ಇನ್ನೊಂದರಲ್ಲಿ ತೊಳೆದುಹಾಕುತ್ತದೆ ಎನ್ನುತ್ತಾರೆ. ಒಂದೇ ದ್ರವ ಎರಡು ತದ್ವಿರುದ್ಧ ಕೆಲಸ ಮಾಡುವುದು ಹೇಗೆ?

ಉತ್ತರ: ಬ್ಯಾಸಿಲಸ್ ಗುಲಾಬಿಯಾದದ್ದಕ್ಕೆ ಮುಖ್ಯ ಕಾರಣ ಪ್ಲೇಟಿನ ವಯಸ್ಸು. ಇ. ಕೊಲೈ ನೇರಳೆಯಾಗಿ ಉಳಿದದ್ದಕ್ಕೆ ಕಾರಣ ಸ್ಮಿಯರ್, ಅಂದರೆ ಸ್ಲೈಡಿನ ಮೇಲೆ ಹರಡಿದ ಕೋಶಗಳ ಪರೆ, ದಪ್ಪವಾಗಿರುವುದು. ಈ ಎರಡಕ್ಕೂ ಒಂದು ನಂಟಿದೆ, ಅದು ಆಲ್ಕೋಹಾಲಿನ ಹಂತದಲ್ಲಿ ಸಿಗುತ್ತದೆ. ಅದಕ್ಕೇ ನಿಮ್ಮ ಎರಡನೇ ಪ್ರಶ್ನೆಯನ್ನು ಮೊದಲು ಬಿಡಿಸುವುದು ಒಳ್ಳೆಯದು.

ಗ್ರಾಮ್ ಬಣ್ಣ ಎಂದರೆ ಒಂದು ಜಾತಿಗೆ ನೇರಳೆ, ಇನ್ನೊಂದಕ್ಕೆ ಗುಲಾಬಿ ಬಳಿಯುವ ಕೆಲಸ ಎಂದು ಹೊಸಬರು ತಿಳಿದಿರುತ್ತಾರೆ. ಹಾಗಲ್ಲ. ಮೊದಲ ಎರಡು ಹಂತ, ಅಂದರೆ ಕ್ರಿಸ್ಟಲ್ ವಯೊಲೆಟ್ ಎಂಬ ನೇರಳೆ ಬಣ್ಣ ಮತ್ತು ಅಯೋಡಿನ್, ಮುಗಿದಾಗ ಸ್ಲೈಡಿನ ಮೇಲಿನ ಎಲ್ಲ ಬ್ಯಾಕ್ಟೀರಿಯಾಗಳೂ ನೇರಳೆಯೇ. ಆಮೇಲೆ ಆಲ್ಕೋಹಾಲ್ ಹೊಯ್ದಾಗ ಯಾರ ಬಣ್ಣ ಬೇಗ ಹೊರಬೀಳುತ್ತದೆ, ಯಾರದು ನಿಧಾನಕ್ಕೆ ಎಂಬುದಷ್ಟೇ ಪರೀಕ್ಷೆ. ಸಾಕಷ್ಟು ಹೊತ್ತು ಬಿಟ್ಟರೆ ಗಟ್ಟಿಮುಟ್ಟಾದ ಸ್ಟ್ಯಾಫಿಲೊಕಾಕಸ್ ಕೂಡ ಬಣ್ಣ ಕಳೆದುಕೊಳ್ಳುತ್ತದೆ. ಅಂದರೆ ನೀವು ನೋಡುತ್ತಿರುವುದು ಓಟದ ನಡುವೆ ತೆಗೆದ ಒಂದು ಚಿತ್ರ. ಆ ಚಿತ್ರ ತೆಗೆಯುವ ಕ್ಷಣ ಹತ್ತು ಸೆಕೆಂಡು ಆಚೀಚೆಯಾದರೆ ಫಲಿತಾಂಶವೇ ಬೇರೆ.

ಓಟದ ವೇಗವನ್ನು ನಿರ್ಧರಿಸುವುದು ಕೋಶಭಿತ್ತಿ. ಬ್ಯಾಕ್ಟೀರಿಯಾದ ಕೋಶಪೊರೆಯ ಹೊರಗೆ ಪೆಪ್ಟಿಡೋಗ್ಲೈಕಾನ್ ಎಂಬ ಜಾಲರಿ ಇರುತ್ತದೆ. ಎನ್-ಅಸಿಟೈಲ್ ಗ್ಲುಕೋಸಮೈನ್ ಮತ್ತು ಎನ್-ಅಸಿಟೈಲ್ ಮ್ಯುರಾಮಿಕ್ ಆಮ್ಲ ಎಂಬ ಎರಡು ಸಕ್ಕರೆ ಘಟಕಗಳು ಒಂದಾದ ಮೇಲೊಂದು ಪೋಣಿಸಿಕೊಂಡು ಉದ್ದನೆಯ ಎಳೆಗಳಾಗುತ್ತವೆ. ಮ್ಯುರಾಮಿಕ್ ಆಮ್ಲದಿಂದ ನಾಲ್ಕೈದು ಅಮೈನೊ ಆಮ್ಲಗಳ ಪುಟ್ಟ ಬಾಲ ಹೊರಡುತ್ತದೆ. ಒಂದು ಎಳೆಯ ಬಾಲ ಪಕ್ಕದ ಎಳೆಯ ಬಾಲವನ್ನು ಹಿಡಿದುಕೊಂಡಾಗ ಹೆಣಿಗೆ ಬಿಗಿಯಾಗುತ್ತದೆ. ಪ್ರೋಟೀನುಗಳಲ್ಲಿ ಸಾಮಾನ್ಯವಾಗಿ ಕಾಣದ ಡಿ-ಅಲನೀನ್, ಡಿ-ಗ್ಲುಟಾಮಿಕ್ ಆಮ್ಲ ಈ ಬಾಲದಲ್ಲಿವೆ. ಪೆನಿಸಿಲಿನ್ ಕೆಡಿಸುವುದು ಇದೇ ಹಿಡಿತವನ್ನು.

ನೇರಳೆ ಉಳಿಸಿಕೊಳ್ಳುವ ಗ್ರಾಮ್ ಪಾಸಿಟಿವ್ ಕೋಶದಲ್ಲಿ ಈ ಜಾಲರಿ ಪದರ ಪದರವಾಗಿ ಸುಮಾರು 20ರಿಂದ 80 ನ್ಯಾನೊಮೀಟರ್ ದಪ್ಪ ಇರುತ್ತದೆ. ಅದರ ನಡುವೆ ಟೈಕೋಯಿಕ್ ಆಮ್ಲದ ಎಳೆಗಳು ಹೆಣೆದುಕೊಂಡಿರುತ್ತವೆ. ಅವುಗಳ ಫಾಸ್ಫೇಟ್ ಗುಂಪುಗಳಿಂದಾಗಿ ಇಡೀ ಭಿತ್ತಿಗೆ ಋಣ ವಿದ್ಯುದಂಶ ಬರುತ್ತದೆ. ನೇರಳೆ ಬಿಟ್ಟುಕೊಡುವ ಗ್ರಾಮ್ ನೆಗೆಟಿವ್ ಕೋಶದಲ್ಲಿ ಜಾಲರಿ ತೀರಾ ತೆಳು, ಕೆಲವೇ ನ್ಯಾನೊಮೀಟರ್. ಆದರೆ ಅದರ ಹೊರಗೆ ಇನ್ನೊಂದು ಪೊರೆ ಇದೆ. ಈ ಹೊರಪೊರೆಯ ಒಳಮೈಯಲ್ಲಿ ಫಾಸ್ಫೊಲಿಪಿಡ್, ಹೊರಮೈಯಲ್ಲಿ ಲಿಪೊಪಾಲಿಸ್ಯಾಕರೈಡ್. ಪಕ್ಕಪಕ್ಕದ ಲಿಪೊಪಾಲಿಸ್ಯಾಕರೈಡ್ ಅಣುಗಳ ಋಣ ಅಂಶಗಳು ಒಂದನ್ನೊಂದು ತಳ್ಳದಂತೆ ಮೆಗ್ನೀಸಿಯಂ ಮತ್ತು ಕ್ಯಾಲ್ಸಿಯಂ ಅಯಾನುಗಳು ನಡುವೆ ಕೂತು ಬೆಸೆದಿರುತ್ತವೆ.

ಇನ್ನು ಬಣ್ಣದ ಕಡೆ. ಕ್ರಿಸ್ಟಲ್ ವಯೊಲೆಟ್ ಒಂದು ಲವಣ. ನೀರಿಗೆ ಬಿದ್ದಾಗ ಧನ ವಿದ್ಯುದಂಶದ ನೇರಳೆ ಅಯಾನು ಮತ್ತು ಕ್ಲೋರೈಡ್ ಆಗಿ ಬಿಡಿಯಾಗುತ್ತದೆ. ಬಣ್ಣವಿರುವುದು ಧನ ಅಯಾನಿನಲ್ಲಿ, ಬ್ಯಾಕ್ಟೀರಿಯಾದ ಮೇಲ್ಮೈ, ಡಿಎನ್ಎ, ಆರ್‌ಎನ್ಎ ಎಲ್ಲವೂ ಋಣ. ಹೀಗಾಗಿ ಬಣ್ಣ ತಾನಾಗಿಯೇ ಹೋಗಿ ಅಂಟಿಕೊಳ್ಳುತ್ತದೆ, ಯಾವ ಭೇದವೂ ಇಲ್ಲದೆ. ಆಮೇಲೆ ಅಯೋಡಿನ್ ಬರುತ್ತದೆ. ಅದು ನೇರಳೆ ಅಯಾನಿನ ಜೊತೆ ಸೇರಿ ನೀರಿನಲ್ಲಿ ಕರಗದ, ಗಾತ್ರದಲ್ಲಿ ದೊಡ್ಡದಾದ ಒಂದು ಜೋಡಿಯನ್ನು ಮಾಡುತ್ತದೆ. ಒಂಟಿಯಾಗಿ ಜಾಲರಿಯೊಳಗೆ ನುಸುಳಿ ಹೋದ ಬಣ್ಣ ಈಗ ಗಂಟು ಕಟ್ಟಿಕೊಂಡು ಕೂತಿದೆ. ಈ ಗಂಟು ನೀರಿಗೆ ಜಗ್ಗುವುದಿಲ್ಲ, ಆಲ್ಕೋಹಾಲಿಗೆ ಕರಗುತ್ತದೆ. ಅಯೋಡಿನನ್ನು ಪುಸ್ತಕಗಳು ಮಾರ್ಡೆಂಟ್ ಎನ್ನುತ್ತವೆ. ಬಟ್ಟೆಗೆ ಬಣ್ಣ ಹಾಕುವವರ ಮಾರ್ಡೆಂಟ್ ಬಣ್ಣವನ್ನು ನೂಲಿಗೆ ಕಚ್ಚಿಸುತ್ತದೆ. ಇಲ್ಲಿ ಆಗುವುದು ಕಚ್ಚಿಸುವುದಕ್ಕಿಂತ ಹೆಚ್ಚಾಗಿ ಗಂಟು ಹಾಕುವುದು, ಹಾಗಾಗಿ ಆ ಪದ ಅಷ್ಟು ಸರಿಹೊಂದುವುದಿಲ್ಲ.

ಈಗ ಆಲ್ಕೋಹಾಲ್. ಅದು ಎರಡೂ ಕೋಶಗಳಲ್ಲಿ ಒಂದೇ ಎರಡು ಕೆಲಸಗಳನ್ನು ಮಾಡುತ್ತದೆ: ಕೊಬ್ಬನ್ನು ಕರಗಿಸುತ್ತದೆ, ನೀರನ್ನು ಹೀರುತ್ತದೆ. ಫಲ ಬೇರೆಯಾಗುವುದು ಎದುರಿಗೆ ಸಿಕ್ಕ ಭಿತ್ತಿಯಿಂದ. ಇ. ಕೊಲೈಯಲ್ಲಿ ಮೊದಲು ಸಿಗುವುದೇ ಕೊಬ್ಬಿನ ಹೊರಪೊರೆ. ಅದು ಹರಿದುಹೋಗುತ್ತದೆ, ಉಳಿದ ತೆಳು ಜಾಲರಿಗೆ ಗಂಟುಗಳನ್ನು ತಡೆಯುವ ಶಕ್ತಿ ಇಲ್ಲ, ಕೆಲವೇ ಸೆಕೆಂಡುಗಳಲ್ಲಿ ನೇರಳೆ ಹೊರಗೆ. ಬ್ಯಾಸಿಲಸ್‌ನಲ್ಲಿ ಹೊರಪೊರೆಯೇ ಇಲ್ಲ. ಸಿಗುವುದು ನೀರು ತುಂಬಿಕೊಂಡ ದಪ್ಪ ಜಾಲರಿ. ನೀರು ಹೋದಾಗ ಒದ್ದೆ ಸ್ಪಂಜು ಒಣಗಿ ಮುದುಡಿದಂತೆ ಜಾಲರಿ ಬಿಗಿದುಕೊಳ್ಳುತ್ತದೆ, ಗಂಟುಗಳಿಗೆ ದಾರಿ ಕಿರಿದಾಗುತ್ತದೆ. 1983ರಲ್ಲಿ ಬೆವರಿಜ್ ಮತ್ತು ಡೇವಿಸ್ ಅಯೋಡಿನ್ ಬದಲು ಪ್ಲಾಟಿನಂ ಸಂಯುಕ್ತವನ್ನು ಬಳಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಇದನ್ನೇ ಹಿಂಬಾಲಿಸಿದರು. ಅವರು ಆರಿಸಿಕೊಂಡದ್ದೂ ನಿಮ್ಮ ಕೈಲಿರುವ ಇವೇ ಎರಡು ಜೀವಿಗಳನ್ನು. ನೇರಳೆ ಗಂಟು ನಿಖರವಾಗಿ ಕೂರುವುದು ಎಲ್ಲಿ ಎಂಬ ಚರ್ಚೆ ಇನ್ನೂ ಇದೆ. ಕೋಶದ್ರವದಲ್ಲಿ ಎಂದು ಹಳೆಯ ಪುಸ್ತಕಗಳು ಹೇಳಿದರೆ, ಬಣ್ಣ ಹಾಕುವ ಅಲ್ಪ ಹೊತ್ತಿನಲ್ಲಿ ಅದು ಒಳಪೊರೆಯನ್ನು ದಾಟುವುದೇ ಇಲ್ಲ, ಜಾಲರಿಯಲ್ಲೇ ಉಳಿಯುತ್ತದೆ ಎಂದು 2015ರಲ್ಲಿ ಬಂದ ಒಂದು ಅಧ್ಯಯನ ವಾದಿಸಿತು. ಬೆಂಚಿನ ಮುಂದೆ ನಿಂತವರಿಗೆ ಇದರಿಂದ ವ್ಯತ್ಯಾಸವಿಲ್ಲ. ತಡೆ ಒಡ್ಡುವುದು ಜಾಲರಿಯ ದಪ್ಪ ಎಂಬುದರಲ್ಲಿ ತಕರಾರಿಲ್ಲ.

ಡೈನೊಕಾಕಸ್ ಎಂಬ ಬ್ಯಾಕ್ಟೀರಿಯಾ ಇದಕ್ಕೆ ಚಂದದ ಸಾಕ್ಷಿ. ಅದಕ್ಕೆ ಹೊರಪೊರೆ ಇದೆ. ಪಾಠದ ಪ್ರಕಾರ ಗುಲಾಬಿ ಬರಬೇಕು. ಆದರೆ ಜಾಲರಿಯೂ ದಪ್ಪವಾಗಿರುವುದರಿಂದ ನೇರಳೆಯೇ ಬರುತ್ತದೆ.

ನಿಮ್ಮ ಬ್ಯಾಸಿಲಸ್‌ಗೆ ಬರೋಣ

ಶುಕ್ರವಾರ ಮಧ್ಯಾಹ್ನದಿಂದ ಸೋಮವಾರ ಬೆಳಿಗ್ಗೆಗೆ 65 ಗಂಟೆಯ ಆಸುಪಾಸು. ಗ್ರಾಮ್ ಬಣ್ಣಕ್ಕೆ ಬೇಕಾದದ್ದು 18ರಿಂದ 24 ಗಂಟೆಯ ಬೆಳೆ (ಕಲ್ಚರ್). ಬ್ಯಾಸಿಲಸ್‌ಗಾದರೆ ಇನ್ನೂ ಎಳೆಯದು ಒಳ್ಳೆಯದು, 12ರಿಂದ 18 ಗಂಟೆ.

ವಯಸ್ಸಾದ ಕೋಶ ಬಣ್ಣ ಬಿಡುವುದೇಕೆ? ಬೆಳೆಯುತ್ತಿರುವ ಬ್ಯಾಸಿಲಸ್ ತನ್ನ ಭಿತ್ತಿಗೆ ಒಳಗಿನಿಂದ ಹೊಸ ಪದರ ಸೇರಿಸುತ್ತಲೇ ಇರುತ್ತದೆ. ಹೊರಗಿನ ಹಳೆಯ ಪದರವನ್ನು ಆಟೊಲೈಸಿನ್ ಎಂಬ ಕಿಣ್ವಗಳು ಕತ್ತರಿಸಿ ಉದುರಿಸುತ್ತಿರುತ್ತವೆ. ಎರಡೂ ಸಮನಾಗಿ ನಡೆಯುವವರೆಗೆ ದಪ್ಪ ಕಾಯ್ದುಕೊಳ್ಳುತ್ತದೆ. ಪ್ಲೇಟಿನಲ್ಲಿ ಆಹಾರ ಮುಗಿಯುತ್ತಾ ಬಂದಾಗ ಸೇರಿಸುವ ಕೆಲಸ ಕುಂಟುತ್ತದೆ, ಕತ್ತರಿಸುವುದು ಮುಂದುವರಿಯುತ್ತದೆ. ಭಿತ್ತಿ ಸವೆಯುತ್ತದೆ. ಸವೆದ ಭಿತ್ತಿ ಆಲ್ಕೋಹಾಲಿನ ಕೈಗೆ ಸಿಕ್ಕಾಗ ಒಡೆದು ಗಂಟುಗಳನ್ನು ಬಿಟ್ಟುಕೊಡುತ್ತದೆ, ಕೊನೆಯ ಹಂತದ ಬಣ್ಣವಾದ ಸಫ್ರಾನಿನ್ ಬಂದು ಗುಲಾಬಿ ಮಾಡುತ್ತದೆ. ಕಾಲೊನಿಯ ಎಲ್ಲ ಕೋಶಗಳೂ ಒಟ್ಟಿಗೆ ಮುದಿಯಾಗುವುದಿಲ್ಲ, ಸತ್ತವೂ ಬದುಕಿರುವವೂ ಬೆರೆತಿರುತ್ತವೆ. ಒಂದೇ ಸರಪಳಿಯಲ್ಲಿ ನೇರಳೆಯ ಪಕ್ಕ ಗುಲಾಬಿ ಕಂಡದ್ದು ಇದರಿಂದ. ಪುಸ್ತಕಗಳಲ್ಲಿ ಇದಕ್ಕೆ ಗ್ರಾಮ್ ವೇರಿಯಬಲ್ ಎಂಬ ಹೆಸರಿದೆ. ಕ್ಲಾಸ್ಟ್ರಿಡಿಯಂ ಇನ್ನೂ ಬೇಗ ಹೀಗಾಗುತ್ತದೆ.

ವಯಸ್ಸೇ ಕಾರಣ ಎಂದು ಖಚಿತಪಡಿಸಿಕೊಳ್ಳಲು ಹೊಸ ಸ್ಲೈಡೂ ಬೇಡ. ಅದೇ ಸ್ಲೈಡನ್ನು ಮತ್ತೆ 100ರ ಲೆನ್ಸಿನಡಿ ಇಟ್ಟು, ಒಂದೊಂದೇ ಕಡ್ಡಿಯನ್ನು ನಿಧಾನವಾಗಿ ನೋಡಿ. ಕೆಲವು ಕಡ್ಡಿಗಳ ನಡುವೆ ಅಥವಾ ಒಂದು ತುದಿಯ ಬಳಿ, ಅಂಚು ಚೊಕ್ಕವಾಗಿರುವ, ಬಣ್ಣವೇ ಹಿಡಿಯದ ಒಂದು ಅಂಡಾಕಾರದ ಜಾಗ ಕಾಣಬೇಕು. ಅದು ಎಂಡೊಸ್ಪೋರ್, ಹಸಿವಾದಾಗ ಕೋಶ ತನ್ನೊಳಗೆ ಕಟ್ಟಿಕೊಳ್ಳುವ ಗಟ್ಟಿ ಬೀಜಕ. ಅದರ ಹೊದಿಕೆಯನ್ನು ಕ್ರಿಸ್ಟಲ್ ವಯೊಲೆಟ್ ದಾಟಲಾರದು. ಬ್ಯಾಸಿಲಸ್ ಸಬ್ಟಿಲಿಸ್ ಹಸಿವಾದ ಮೇಲೆ ಸ್ಪೋರ್ ಕಟ್ಟಿ ಮುಗಿಸಲು ಎಂಟು ಗಂಟೆಯ ಆಸುಪಾಸು ಸಾಕು, ನಿಮ್ಮ ಪ್ಲೇಟಿಗೆ ಅದಕ್ಕಿಂತ ಎಷ್ಟೋ ಹೆಚ್ಚು ಸಮಯ ಸಿಕ್ಕಿದೆ. ಕಡ್ಡಿಯಿಂದ ಬಿಡಿಯಾಗಿ ಬಿದ್ದ ಸ್ಪೋರ್‌ಗಳು ಅಂಚಿಗೆ ಮಾತ್ರ ತೆಳು ಗುಲಾಬಿ ಗೆರೆ ಇರುವ ಪುಟ್ಟ ಉಂಗುರಗಳಂತೆ ಕಾಣುತ್ತವೆ. ಇಂಥವು ಧಾರಾಳವಾಗಿ ಕಂಡರೆ ಬೆಳೆ ಹಳತು ಎಂದೇ ಅರ್ಥ. ಇವನ್ನು ಬೇರೆ ಬ್ಯಾಕ್ಟೀರಿಯಾ ಬೆರೆತಿದೆ ಎಂದು ತಿಳಿದು ಪ್ಲೇಟ್ ಎಸೆಯುವವರಿದ್ದಾರೆ, ಅವಸರ ಬೇಡ.

ಇ. ಕೊಲೈಯ ನೇರಳೆ ಗುಡ್ಡೆಗಳು

ಇದು ಕೈಯ ತಪ್ಪು. ದಪ್ಪ ಸ್ಮಿಯರಿನಲ್ಲಿ ಕೋಶಗಳು ಒಂದರ ಮೇಲೊಂದು ಹತ್ತಾರು ಪದರ ಕೂತಿರುತ್ತವೆ. ಮೇಲಿನ ಪದರಕ್ಕೆ ತಗುಲಿದ ಆಲ್ಕೋಹಾಲ್ ಕೆಳಗಿನದಕ್ಕೆ ತಲುಪುವಷ್ಟರಲ್ಲಿ ನೀವು ನೀರು ಹೊಯ್ದಿರುತ್ತೀರಿ. ಕೆಳಗಿನ ನೇರಳೆ ಅಲ್ಲೇ ಉಳಿಯುತ್ತದೆ.

ಇನ್ನೊಂದು ಅಡ್ಡ ಪರಿಣಾಮವನ್ನು ಬಹಳ ಜನ ಗಮನಿಸುವುದಿಲ್ಲ. ಆಲ್ಕೋಹಾಲ್ ಯಾವಾಗ ನಿಲ್ಲಿಸಬೇಕು? ಸ್ಲೈಡಿನಿಂದ ಇಳಿಯುವ ಹನಿಯಲ್ಲಿ ನೇರಳೆ ಬಹುತೇಕ ಮಾಯವಾದಾಗ. ಸ್ಮಿಯರಿನ ಒಂದು ಕಡೆ ಗುಡ್ಡೆ ಇದ್ದರೆ ಅದು ನೇರಳೆ ಬಿಡುತ್ತಲೇ ಇರುತ್ತದೆ. ನೀವು ಇನ್ನೂ ಮುಗಿದಿಲ್ಲ ಎಂದು ಹೊಯ್ಯುತ್ತಲೇ ಇರುತ್ತೀರಿ. ಅಷ್ಟರಲ್ಲಿ ಅಂಚಿನ ತೆಳುಭಾಗದಲ್ಲಿರುವ ಕೋಶಗಳು ಹತ್ತಿಪ್ಪತ್ತು ಸೆಕೆಂಡು ಹೆಚ್ಚು ಆಲ್ಕೋಹಾಲ್ ಕುಡಿದಿರುತ್ತವೆ. ನಡುವೆ ಕಡಿಮೆ ತೊಳೆದದ್ದು, ಅಂಚಿನಲ್ಲಿ ಅತಿಯಾಗಿ ತೊಳೆದದ್ದು, ಎರಡೂ ಒಂದೇ ಸ್ಲೈಡಿನಲ್ಲಿ. ನಿಮ್ಮ ಬ್ಯಾಸಿಲಸ್ ಸ್ಮಿಯರೂ ಇಷ್ಟೇ ದಪ್ಪವಿದ್ದರೆ ವಯಸ್ಸಿನ ಜೊತೆಗೆ ಇದೂ ಸೇರಿಕೊಂಡಿದೆ. ಬೇರ್ಪಡಿಸಲು ಸುಲಭ ದಾರಿ: ಬಣ್ಣಗಳು ಹೇಗೆ ಹರಡಿವೆ ನೋಡಿ. ತೆಳುಭಾಗದಲ್ಲೇ ನೇರಳೆ ಗುಲಾಬಿ ಎರಡೂ ಬೆರಕೆಯಾಗಿದ್ದರೆ ವಯಸ್ಸು. ನಡುವೆ ನೇರಳೆ, ಅಂಚಿಗೆ ಹೋಗುತ್ತಾ ಪೂರ್ತಿ ಗುಲಾಬಿ ಎಂದು ವಲಯ ವಲಯವಾಗಿದ್ದರೆ ತೊಳೆಯುವುದರಲ್ಲಿ ಎಡವಟ್ಟು.

ಮತ್ತೆ ಮಾಡುವಾಗ

ಹಿಂದಿನ ದಿನ ಸಂಜೆ ಹೊಸ ಪ್ಲೇಟುಗಳಿಗೆ ಎಳೆದು ಮರುದಿನ ಬೆಳಿಗ್ಗೆಯೇ ಬಣ್ಣ ಹಾಕಿ. ಸ್ಲೈಡ್ ಎಣ್ಣೆಯಂಶವಿಲ್ಲದಂತೆ ಶುಚಿಯಾಗಿರಬೇಕು. ನೀರಿನ ಹನಿ ಹರಡದೆ ಮಣಿಯಂತೆ ನಿಂತರೆ ಜಿಡ್ಡು ಇದೆ ಎಂದೇ, ಆಲ್ಕೋಹಾಲಿನಿಂದ ಒರೆಸಿ. ಒಂದು ಸಣ್ಣ ಹನಿ ನೀರಿಟ್ಟು, ಕಾಲೊನಿಯನ್ನು ಲೂಪಿನ (ತಂತಿಯ ಕುಣಿಕೆಯ) ತುದಿಯಿಂದ ಬರೀ ಮುಟ್ಟಿ ತನ್ನಿ. ಕಣ್ಣಿಗೆ ಎದ್ದು ಕಾಣುವಷ್ಟು ಗೋರಿಕೊಂಡರೆ ಅದೇ ಹೆಚ್ಚಾಯಿತು. ಹನಿಯಲ್ಲಿ ಕಲಸಿ, ಒಂದು ಸೆಂಟಿಮೀಟರ್ ಅಗಲಕ್ಕೆ ಹರಡಿ. ಒಣಗಿದ ಮೇಲೆ ಮಸುಕಾದ ಬಿಳಿ ಪರೆ ಕಾಣಬೇಕು, ಅದರ ಮೂಲಕ ಕೆಳಗಿಟ್ಟ ಮುದ್ರಿತ ಅಕ್ಷರ ಓದಲು ಬರಬೇಕು. ಓದಲು ಬಾರದಿದ್ದರೆ ಆ ಸ್ಲೈಡನ್ನು ಬಿಟ್ಟು ಇನ್ನೊಂದು ಮಾಡಿ. ಮುಂದೆ ಎಷ್ಟು ಜಾಣತನ ತೋರಿಸಿದರೂ ಅದು ಸರಿಹೋಗುವುದಿಲ್ಲ.

ಒಂದೇ ಸ್ಲೈಡಿನಲ್ಲಿ ಮೂರು ಚುಕ್ಕೆ ಹಾಕಿ: ಒಂದು ತುದಿಗೆ ಖಚಿತವಾಗಿ ಗೊತ್ತಿರುವ ಸ್ಟ್ಯಾಫಿಲೊಕಾಕಸ್, ಇನ್ನೊಂದು ತುದಿಗೆ ಗೊತ್ತಿರುವ ಇ. ಕೊಲೈ, ನಡುವೆ ಪರೀಕ್ಷಿಸಬೇಕಾದದ್ದು. ಬೇರೆ ಸ್ಲೈಡಿನಲ್ಲಿ ಹಾಕಿದ ಕಂಟ್ರೋಲಿಗೆ ಬೇರೆಯೇ ಸೆಕೆಂಡುಗಳು ಸಿಕ್ಕಿರುತ್ತವೆ, ಅದರಿಂದ ಅರ್ಧ ಪ್ರಯೋಜನ ಮಾತ್ರ.

ಗಾಳಿಯಲ್ಲಿ ಪೂರ್ತಿ ಒಣಗಲಿ. ಒದ್ದೆ ಇರುವಾಗಲೇ ಜ್ವಾಲೆಗೆ ಹಿಡಿದರೆ ಕೋಶಗಳು ಕುದಿದು ಆಕಾರ ಕೆಡುತ್ತವೆ. ಆಮೇಲೆ ಸ್ಮಿಯರ್ ಮೇಲ್ಮುಖವಾಗಿರುವಂತೆ ಜ್ವಾಲೆಯ ಮೇಲೆ ಎರಡು ಮೂರು ಬಾರಿ ಬೇಗನೆ ಹಾಯಿಸಿ. ಸ್ಲೈಡಿನ ಅಡಿಯನ್ನು ಕೈಯ ಹಿಂಬದಿಗೆ ತಾಗಿಸಿದರೆ ಬೆಚ್ಚಗಿರಬೇಕು, ಸುಡಬಾರದು. ಅತಿಯಾದ ಶಾಖ ಭಿತ್ತಿಯನ್ನು ಸೀಳುತ್ತದೆ, ಗ್ರಾಮ್ ಪಾಸಿಟಿವ್ ಕೂಡ ಗುಲಾಬಿಯಾಗುತ್ತದೆ. ಶಾಖದ ಅಂದಾಜು ಕೈಗೆ ಸಿಗದವರು ಮೆಥನಾಲ್ ಬಳಸಲಿ: ಒಣಗಿದ ಸ್ಮಿಯರ್ ಮೇಲೆ ಕೆಲವು ಹನಿ, ಎರಡು ನಿಮಿಷ, ಹಾಗೇ ಒಣಗಲು ಬಿಡಿ. ಹತ್ತಿರದಲ್ಲಿ ಬರ್ನರ್ ಉರಿಯುತ್ತಿರಬಾರದು. ಶಾಖ ಕೊಟ್ಟ ಮಾತ್ರಕ್ಕೆ ಎಲ್ಲವೂ ಸತ್ತಿತು ಎಂದುಕೊಳ್ಳಬೇಡಿ. ಬ್ಯಾಸಿಲಸ್ ಸ್ಪೋರ್‌ಗಳು ಜ್ವಾಲೆಯ ಮೇಲಿನ ಈ ಓಡಾಟಕ್ಕೆ ಬಗ್ಗುವುದಿಲ್ಲ, ಸ್ಲೈಡನ್ನು ಸೋಂಕಿನ ವಸ್ತುವಿನಂತೆಯೇ ವಿಲೇವಾರಿ ಮಾಡಿ.

ಕ್ರಿಸ್ಟಲ್ ವಯೊಲೆಟ್ ಒಂದು ನಿಮಿಷ, ನೀರು. ಅಯೋಡಿನ್ ಒಂದು ನಿಮಿಷ, ನೀರು. ನೀರನ್ನು ಸ್ಮಿಯರ್ ಮೇಲೆ ನೇರ ರಭಸವಾಗಿ ಬಿಡದೆ, ಅದರ ಮೇಲ್ಭಾಗದಿಂದ ಇಳಿಯುವಂತೆ ಬಿಡಿ. ಈ ಎರಡು ಹಂತಗಳಲ್ಲಿ ಹತ್ತು ಸೆಕೆಂಡು ಹೆಚ್ಚು ಕಡಿಮೆಯಾದರೆ ಏನೂ ಮುಳುಗುವುದಿಲ್ಲ.

ಮುಳುಗುವುದು ಮೂರನೆಯದರಲ್ಲಿ. ಸ್ಲೈಡಿನ ಮೇಲಿನ ಹೆಚ್ಚಿನ ನೀರನ್ನು ಕೊಡವಿ, ಇಲ್ಲವಾದರೆ ಆಲ್ಕೋಹಾಲ್ ತೆಳುವಾಗಿ ಲೆಕ್ಕ ತಪ್ಪುತ್ತದೆ. ಸ್ಲೈಡನ್ನು ಸುಮಾರು 45 ಡಿಗ್ರಿ ವಾಲಿಸಿ ಹಿಡಿದು, ಕೆಳಗೆ ಬಿಳಿ ಕಾಗದ ಅಥವಾ ಬಿಳಿ ತಟ್ಟೆ ಇಡಿ. 95 ಶೇಕಡ ಎಥನಾಲನ್ನು ಸ್ಮಿಯರಿನ ಮೇಲಂಚಿನಿಂದ ಹನಿಹನಿಯಾಗಿ ಬಿಡಿ. ಮೊದಲ ಹನಿಗಳು ಶಾಯಿಯಂತೆ ಗಾಢವಾಗಿ ಇಳಿಯುತ್ತವೆ, ನಾಲ್ಕೈದು ಹನಿಯಾದ ಮೇಲೆ ತೆಳು ನೀಲಿ, ಆಮೇಲೆ ಬಣ್ಣ ಇದೆಯೋ ಇಲ್ಲವೋ ಎಂಬಂಥ ಹನಿ. ಅದನ್ನು ಕಂಡ ತಕ್ಷಣ ನೀರು ಹೊಯ್ಯಿರಿ. ಆಲ್ಕೋಹಾಲಿನ ಕೆಲಸ ನಿಲ್ಲುವುದು ನೀರು ಬಿದ್ದಾಗಲೇ, ಬಾಟಲಿ ಕೆಳಗಿಟ್ಟಾಗ ಅಲ್ಲ. ತೆಳು ಸ್ಮಿಯರಿನಲ್ಲಿ ಇದೆಲ್ಲ 10ರಿಂದ 15 ಸೆಕೆಂಡು. ಅಸಿಟೋನ್ ಮತ್ತು ಆಲ್ಕೋಹಾಲ್ ಸಮಪಾಲು ಬೆರೆಸಿದ ದ್ರಾವಣ ಬಳಸುತ್ತಿದ್ದರೆ ಎರಡು ಮೂರು ಸೆಕೆಂಡಿನಲ್ಲೇ ಮುಗಿಯುತ್ತದೆ. ಕಲಿಯುವವರಿಗೆ ಅದು ಬೇಡ, ಬರೀ ಎಥನಾಲ್ ನಿಧಾನ, ಆ ನಿಧಾನವೇ ತಪ್ಪು ತಿದ್ದಿಕೊಳ್ಳಲು ಅವಕಾಶ.

ಸಫ್ರಾನಿನ್ 30ರಿಂದ 60 ಸೆಕೆಂಡು, ನೀರು, ಬ್ಲಾಟಿಂಗ್ ಕಾಗದದಿಂದ ಒತ್ತಿ ಒಣಗಿಸಿ, ಉಜ್ಜಬೇಡಿ. ಸಫ್ರಾನಿನ್ ಕೂಡ ಧನ ಅಯಾನಿನ ಬಣ್ಣವೇ. ಅದನ್ನು ಬಹಳ ಹೊತ್ತು ಬಿಟ್ಟರೆ ನೇರಳೆಯನ್ನು ಸ್ವಲ್ಪಸ್ವಲ್ಪವಾಗಿ ಸ್ಥಳಾಂತರಿಸಬಲ್ಲದು. ಅಂದಹಾಗೆ ಈ ಗುಲಾಬಿ ಹಂತ ಗ್ರಾಮ್ ಹಾಕಿಕೊಟ್ಟದ್ದಲ್ಲ. ಡೆನ್ಮಾರ್ಕಿನ ವೈದ್ಯ ಹಾನ್ಸ್ ಕ್ರಿಶ್ಚಿಯನ್ ಗ್ರಾಮ್ 1884ರಲ್ಲಿ ಬರ್ಲಿನ್‌ನಿಂದ ಈ ವಿಧಾನ ಪ್ರಕಟಿಸಿದಾಗ ಅವರಿಗೆ ಬೇಕಿದ್ದದ್ದು ನ್ಯುಮೋನಿಯಾದಿಂದ ಸತ್ತವರ ಶ್ವಾಸಕೋಶದ ತುಣುಕಿನಲ್ಲಿ ಬ್ಯಾಕ್ಟೀರಿಯಾ ಎದ್ದು ಕಾಣುವುದಷ್ಟೇ. ಕೆಲವು ಬ್ಯಾಕ್ಟೀರಿಯಾ ಬಣ್ಣ ಕಳೆದುಕೊಳ್ಳುವುದನ್ನೂ ಅವರು ಗಮನಿಸಿ ಬರೆದಿದ್ದರು. ಅದೇ ವರ್ಗೀಕರಣದ ಅಡಿಪಾಯವಾದದ್ದು ಆಮೇಲೆ.

ಬಾಟಲಿಗಳನ್ನೂ ಅನುಮಾನಿಸಿ

ಗ್ರಾಮ್ ಪಾಸಿಟಿವ್ ಕಂಟ್ರೋಲ್ ಕೂಡ ಗುಲಾಬಿ ಬಂದರೆ ಅಯೋಡಿನ್ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ. ಕಂದು ಬಣ್ಣ ಹೋಗಿ ತೆಳು ಹಳದಿಯಾಗಿದ್ದರೆ ಅದರಲ್ಲಿ ಗಂಟು ಹಾಕುವಷ್ಟು ಅಯೋಡಿನ್ ಉಳಿದಿಲ್ಲ. ಮುಚ್ಚಳ ಸಡಿಲವಿದ್ದರೆ ಅಯೋಡಿನ್ ಆವಿಯಾಗುತ್ತದೆ. ಹೊಸದು ಮಾಡಿಕೊಳ್ಳುವುದು ಕಷ್ಟವಲ್ಲ: ಅಯೋಡಿನ್ 1 ಗ್ರಾಂ, ಪೊಟ್ಯಾಸಿಯಂ ಅಯೊಡೈಡ್ 2 ಗ್ರಾಂ, ಶುದ್ಧೀಕರಿಸಿದ ನೀರು 300 ಮಿಲಿಲೀಟರ್. ಮೂರನ್ನೂ ಒಟ್ಟಿಗೆ ಹಾಕಿ ಕಲಕಿದರೆ ಅಯೋಡಿನ್ ಹರಳುಗಳು ಬಹಳ ಹೊತ್ತು ತಳದಲ್ಲೇ ಕೂತಿರುತ್ತವೆ. ಇಷ್ಟು ಬರೀ ನೀರಿನಲ್ಲಿ ಕರಗುವ ಅಯೋಡಿನ್ ಸುಮಾರು 0.1 ಗ್ರಾಂ ಮಾತ್ರ. ಅಯೊಡೈಡ್ ಅಯಾನು ಅಯೋಡಿನ್ ಅಣುವಿನ ಜೊತೆ ಸೇರಿ ಟ್ರೈಅಯೊಡೈಡ್ ಆದಾಗ ಅದು ಚೆನ್ನಾಗಿ ಕರಗುತ್ತದೆ, ಅಯೊಡೈಡ್ ಗಾಢವಾಗಿದ್ದಷ್ಟೂ ಈ ಕೆಲಸ ಬೇಗ. ಆದ್ದರಿಂದ ಮೊದಲು ಅಯೊಡೈಡನ್ನು ಐದು ಮಿಲಿಲೀಟರ್ ನೀರಿನಲ್ಲಿ ಕರಗಿಸಿ, ಅದಕ್ಕೆ ಅಯೋಡಿನ್ ಹಾಕಿ ಪೂರ್ತಿ ಕರಗಿದ ಮೇಲೆ ಉಳಿದ ನೀರು ಸೇರಿಸಿ. ಕಂದು ಬಾಟಲಿಯಲ್ಲಿ, ಬಿಗಿ ಮುಚ್ಚಳದಡಿ ಇಡಿ.

ಕ್ರಿಸ್ಟಲ್ ವಯೊಲೆಟ್‌ಗೆ ಇಂದಿಗೂ ಹಕರ್ ಅವರ ಪಾಕವೇ ರೂಢಿಯಲ್ಲಿದೆ. 2 ಗ್ರಾಂ ಬಣ್ಣವನ್ನು 20 ಮಿಲಿಲೀಟರ್ 95 ಶೇಕಡ ಎಥನಾಲಿನಲ್ಲಿ, 0.8 ಗ್ರಾಂ ಅಮೋನಿಯಂ ಆಕ್ಸಲೇಟನ್ನು 80 ಮಿಲಿಲೀಟರ್ ನೀರಿನಲ್ಲಿ ಬೇರೆಬೇರೆ ಕರಗಿಸಿ, ಬೆರೆಸಿ, ಒಂದು ದಿನ ಬಿಟ್ಟು ಸೋಸಬೇಕು. ಆಕ್ಸಲೇಟ್ ಇರುವುದು ಬಣ್ಣ ಹರಳುಗಟ್ಟದಿರಲಿ ಎಂದು. ಸೋಸದಿದ್ದರೆ ಸ್ಲೈಡಿನಲ್ಲಿ ಸೂಜಿಯಂಥ ಕಡುನೇರಳೆ ಹರಳುಗಳು, ಕಾಕೈಯಂಥ (ದುಂಡು ಬ್ಯಾಕ್ಟೀರಿಯಾದಂಥ) ಚುಕ್ಕೆಗಳು ಕಾಣುತ್ತವೆ. ಹರಳುಗಳಿಗೆ ಅಂಚು ಚೂಪು, ಗಾತ್ರ ಒಂದೊಂದೂ ಒಂದೊಂದು ಥರ, ಕೋಶಗಳಿರುವ ತಳಕ್ಕಿಂತ ಮೇಲೆ ಅಥವಾ ಕೆಳಗೆ ಫೋಕಸ್ ಆಗುತ್ತವೆ. ಸಫ್ರಾನಿನ್‌ಗೆ 0.25 ಗ್ರಾಂ ಪುಡಿ, 10 ಮಿಲಿಲೀಟರ್ ಎಥನಾಲ್, 100 ಮಿಲಿಲೀಟರ್ ನೀರು.

ಸೂಕ್ಷ್ಮದರ್ಶಕವೂ ಸುಳ್ಳು ಹೇಳಬಲ್ಲದು. ಬಣ್ಣ ಹಾಕಿದ ಸ್ಲೈಡಿಗೆ ಕಂಡೆನ್ಸರ್ ಮೇಲೆ ಏರಿಸಿ, ಡಯಾಫ್ರಮ್ ತೆರೆದಿರಬೇಕು. ಬಣ್ಣವಿಲ್ಲದ ಜೀವಕೋಶ ನೋಡುವಾಗ ಮುಚ್ಚಿಟ್ಟ ಡಯಾಫ್ರಮ್ ಹಾಗೇ ಉಳಿದಿದ್ದರೆ ಗುಲಾಬಿಯೂ ಕಪ್ಪುನೇರಳೆಯಂತೆ ಕಾಣುತ್ತದೆ. ಫೋಕಸ್ ತುಸು ತಪ್ಪಿದರೂ ಅಷ್ಟೇ. 100ರ ಲೆನ್ಸಿಗೆ ಎಣ್ಣೆ ಹಾಕದೆ ನೋಡಿ ಬಣ್ಣ ನಿರ್ಧರಿಸಬೇಡಿ. ಕೋಶಗಳು ಒಂದೆರಡು ಮೈಕ್ರೊಮೀಟರ್ ಗಾತ್ರದವು. ಗಾಜಿನಷ್ಟೇ ವಕ್ರೀಭವನಾಂಕ ಇರುವ ಎಣ್ಣೆ, ಅಂದರೆ ಸುಮಾರು 1.515, ನಡುವೆ ಇಲ್ಲದಿದ್ದರೆ ಓರೆಯಾಗಿ ಬರುವ ಬೆಳಕು ಗಾಳಿಯಲ್ಲಿ ಚದುರಿ ಅಂಚುಗಳು ಕಲಸಿಹೋಗುತ್ತವೆ. ಕೋಶಗಳು ಒಂಟಿಯಾಗಿ ಬಿಡಿಬಿಡಿಯಾಗಿರುವ ಕಡೆ ಮಾತ್ರ ಬಣ್ಣ ಓದಿ, ಗುಡ್ಡೆಯಲ್ಲಿ ಓದಬೇಡಿ.

ಅನುಮಾನ ಉಳಿದರೆ

ಬಣ್ಣವಿಲ್ಲದೆ ಇದೇ ಭಿತ್ತಿಯನ್ನು ಪರೀಕ್ಷಿಸುವ ದಾರಿಯೊಂದಿದೆ. ಸ್ಲೈಡಿನ ಮೇಲೆ 3 ಶೇಕಡ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದ ಒಂದು ಹನಿ ಇಡಿ. ಇಲ್ಲಿ ಲೂಪಿನ ತುಂಬ ಕಾಲೊನಿ ಬೇಕು, ಸ್ಮಿಯರಿಗೆ ತೆಗೆದುಕೊಂಡಷ್ಟು ಸಾಲದು. ಹನಿಯಲ್ಲಿ ಕಲಸುತ್ತಾ ಆಗಾಗ ಲೂಪನ್ನು ಮೆಲ್ಲಗೆ ಮೇಲೆತ್ತಿ. ಗ್ರಾಮ್ ನೆಗೆಟಿವ್ ಆದರೆ ಕ್ಷಾರಕ್ಕೆ ಹೊರಪೊರೆ ಕರಗಿ ಕೋಶಗಳು ಒಡೆಯುತ್ತವೆ, ಒಳಗಿನ ಡಿಎನ್ಎ ಹೊರಬಂದು ಹನಿ ಲೋಳೆಯಾಗುತ್ತದೆ, ಒಂದು ನಿಮಿಷದೊಳಗೆ ಲೂಪಿನ ಜೊತೆ ಪಾಕದ ಎಳೆಯಂತೆ ಎಳೆ ಎದ್ದುಬರುತ್ತದೆ. ಗ್ರಾಮ್ ಪಾಸಿಟಿವ್ ಸಾಮಾನ್ಯವಾಗಿ ನೀರುನೀರಾಗಿಯೇ ಉಳಿಯುತ್ತದೆ. ಎಳೆ ಬಾರದಿದ್ದರೆ ಹೆಚ್ಚು ಕೋಶ ಹಾಕಿ ಇನ್ನೊಮ್ಮೆ ನೋಡಿ, ಇದರಲ್ಲಿ ಆಗುವ ತಪ್ಪು ಹೆಚ್ಚಾಗಿ ಕೋಶ ಕಡಿಮೆಯಾಗಿಯೇ. ಕ್ಷಾರ ಕಣ್ಣಿಗೆ ಅಪಾಯ, ರಕ್ಷಣಾ ಕನ್ನಡಕ ಹಾಕಿಕೊಳ್ಳಿ. ನಿಮ್ಮ ಬ್ಯಾಸಿಲಸ್, ಇ. ಕೊಲೈ ಎರಡನ್ನೂ ಪಕ್ಕಪಕ್ಕದಲ್ಲಿ ಮಾಡಿದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ.

ಕೆಲವು ಜೀವಿಗಳಿಗೆ ಈ ಬಣ್ಣವನ್ನೇ ಕೇಳಬಾರದು. ಮೈಕೊಪ್ಲಾಸ್ಮಾಗೆ ಭಿತ್ತಿಯೇ ಇಲ್ಲ, ಗುಲಾಬಿ ಬಂದರೂ ಅದು ಭಿತ್ತಿಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಕ್ಷಯದ ಬ್ಯಾಕ್ಟೀರಿಯಾದ ಭಿತ್ತಿಯಲ್ಲಿ ಮೈಕೋಲಿಕ್ ಆಮ್ಲದ ಮೇಣ ತುಂಬಿರುವುದರಿಂದ ಬಣ್ಣ ಒಳಗೆ ಹೋಗುವುದೇ ಕಷ್ಟ, ಅದಕ್ಕೆ ಜೀಲ್-ನೀಲ್ಸನ್ ವಿಧಾನ. ಯೀಸ್ಟ್ ಬ್ಯಾಕ್ಟೀರಿಯಾವೇ ಅಲ್ಲ, ಆದರೂ ದಪ್ಪ ಭಿತ್ತಿಯಿಂದಾಗಿ ನೇರಳೆ ಬರುತ್ತದೆ. ಗಾತ್ರ ನೋಡಿ ಗುರುತಿಸಬೇಕು.

ದಾಖಲೆ ಪುಸ್ತಕದಲ್ಲಿ ಈಗಿನ ಫಲಿತಾಂಶವನ್ನು "ಗ್ರಾಮ್ ಪಾಸಿಟಿವ್, ನೇರಳೆ" ಎಂದು ತಿದ್ದಿ ಬರೆಯಬೇಡಿ. ಕಂಡದ್ದನ್ನೇ ಬರೆಯಿರಿ: ಸುಮಾರು 65 ಗಂಟೆಯ ಬೆಳೆ, ನೇರಳೆ ಮತ್ತು ಗುಲಾಬಿ ಕಡ್ಡಿಗಳು, ಸ್ಪೋರ್ ಇವೆಯೋ ಇಲ್ಲವೋ, ಕಂಟ್ರೋಲ್ ಯಾವ ಬಣ್ಣ. ಅದರ ಕೆಳಗೆ ಹೊಸ ಬೆಳೆಯ ಫಲಿತಾಂಶ ಬರಲಿ.

ಹಳೆಯ ಬ್ಯಾಸಿಲಸ್ ಪ್ಲೇಟನ್ನು ಈಗಲೇ ಆಟೊಕ್ಲೇವಿಗೆ ಹಾಕಬೇಡಿ, ಸ್ಪೋರ್ ಬಣ್ಣಕ್ಕೆ ಅದಕ್ಕಿಂತ ಒಳ್ಳೆಯ ಸಾಮಗ್ರಿ ಸಿಗದು. ಹೀಟ್ ಫಿಕ್ಸ್ ಮಾಡಿದ, ಅಂದರೆ ಜ್ವಾಲೆಯ ಮೇಲೆ ಹಾಯಿಸಿದ, ಸ್ಮಿಯರ್ ಮೇಲೆ 5 ಶೇಕಡ ಮಲಕೈಟ್ ಗ್ರೀನ್ ಹಾಕಿ, ಐದು ನಿಮಿಷ ಹಬೆಯ ಮೇಲಿಡಿ, ಬಣ್ಣ ಆರದಂತೆ ನಡುವೆ ಹನಿ ಸೇರಿಸುತ್ತಿರಿ. ಸ್ಲೈಡ್ ತಣ್ಣಗಾದ ಮೇಲೆ ನೀರಿನಲ್ಲಿ ತೊಳೆದು ಸಫ್ರಾನಿನ್ 30 ಸೆಕೆಂಡು. ಗ್ರಾಮ್ ಸ್ಲೈಡಿನಲ್ಲಿ ಖಾಲಿ ಬಿಟ್ಟಂತೆ ಕಂಡಿದ್ದ ಅಂಡಾಕಾರದ ಜಾಗಗಳು ಈ ಸಲ ಗುಲಾಬಿ ಕಡ್ಡಿಯೊಳಗೆ ಹಸಿರಾಗಿ ಕಾಣುತ್ತವೆ.